ಹುಲ್ಲಪ್ಪನ ಆರ್ಗನ್, ರಂಗವ್ವನ ಗಂಜಿ

ಇಳಕಲ್ಲಿನ ನಮ್ಮ ಸಣ್ಣ ಚರ್ಚಿಗೆ ಕೊಳವೆ ಆರ್ಗನ್ ಮಾಡಿಕೊಟ್ಟವನು ನೇಕಾರರ ಹುಲ್ಲಪ್ಪ. ಹೀಗೆಂದರೆ ಹೊರಗಿನವರು ನಗುತ್ತಾರೆ. ನಗಲಿ, ಅವರಿಗೆ ಹುಲ್ಲಪ್ಪ ಗೊತ್ತಿಲ್ಲ. ಓಣಿಯ ಯಾವ ಮಗ್ಗ ಕೆಟ್ಟರೂ ಮೊದಲು ಕರೆಯುತ್ತಿದ್ದುದು ಅವನನ್ನೇ. ಲಾಳಿ ಎಲ್ಲಿ ತಡೆಯುತ್ತಿದೆಯೆಂದು ಹೊಸ್ತಿಲಲ್ಲಿ ನಿಂತು ಕೇಳಿಯೇ ಹೇಳುತ್ತಿದ್ದ. ಪವರ್‌ಲೂಮು ಬಂದ ಮೇಲೆ ಕರೆಯುವವರು ಕಡಿಮೆಯಾದರು. ಜನ ಹಳೆಯ ಮಗ್ಗದ ಸಾಗವಾನಿಯನ್ನು ಒಲೆಗೆ ಹಾಕುವುದನ್ನು ನೋಡಲಾರದೆ ಅವನು ಅದನ್ನು ತಂದು ತನ್ನ ಪಡಸಾಲೆಯಲ್ಲಿ ಒಟ್ಟಿಕೊಂಡಿದ್ದ.

ನಾನು ಶಾಲಾ ಮಾಸ್ತರ, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುವವನು. ಎರಡು ಸಾವಿರದ ಇಸವಿಯಲ್ಲಿ ಅದರ ತಿದಿ ಹರಿದಾಗ ಹುಲ್ಲಪ್ಪನನ್ನು ಕರೆತಂದೆ. ಗಾಳಿ ತುಂಬುವ ಆ ತೊಗಲನ್ನು ಅರ್ಧ ದಿನದಲ್ಲಿ ಸರಿಮಾಡಿದ. ಹೋಗುವಾಗ ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೊಡ್ಡ ಆರ್ಗನ್ನಿನ ಚಿತ್ರದ ಮುಂದೆ ನಿಂತ.

"ಮಾಸ್ತರ, ಇದೂ ಗಾಳೀದ ಆಟ ಏನ್ರಿ?"

ಹೌದೆಂದೆ. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಮುಂದೆ ಮೂರು ವರ್ಷ ಅವನು ಬೇರೆ ಕೆಲಸ ಮುಟ್ಟಲಿಲ್ಲ. ನಲವತ್ತೆರಡು ಕೊಳವೆಗಳನ್ನು ಆ ಮಗ್ಗದ ಮರದಿಂದಲೇ ಕೊರೆದ. ಒಂದೊಂದನ್ನೂ ಬಾಯಿಂದ ಊದಿ ನನ್ನ ಹಾರ್ಮೋನಿಯಂ ಸ್ವರಕ್ಕೆ ಕೂಡಿಸುತ್ತಿದ್ದ. ನಾನು "ನಡೀತದ ಬಿಡು" ಎಂದರೆ ಸಿಟ್ಟಾಗಿ ಎದ್ದು ಹೋಗುತ್ತಿದ್ದ. ಮನೆ ನಡೆದದ್ದು ಅವನ ಹೆಂಡತಿ ರಂಗವ್ವ ನೇಯ್ದ ಸೀರೆಗಳಿಂದ. ಅವಳು ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ.

ಮೂರನೆಯ ಶ್ರಾವಣದಲ್ಲಿ ಆರ್ಗನ್ನಿನ ತಿದಿಗೆ ಕುರಿದೊಗಲು ಅಂಟಿಸುವ ಸರದಿ ಬಂತು. ನೇಕಾರರ ಮನೆಯಲ್ಲಿ ಅಂಟೆಂದರೆ ಗಂಜಿ. ಹಾಸಿನ ನೂಲಿಗೆ ಹಚ್ಚುವ ಗಂಜಿಗೆ ಹೆಂಗಸರು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ, ಗಂಜಿ ನೀಲಿಯಾಗುತ್ತದೆ. ಅದು ವಿಷ; ಇಲಿ, ಜಿರಲೆ ಬಾಯಿ ಹಾಕುವುದಿಲ್ಲ. ರಂಗವ್ವ ಗಂಜಿ ಕುದಿಸಿಕೊಟ್ಟಳು, ಹುಲ್ಲಪ್ಪ ಅಂಟಿಸಿದ. ಮೂವತ್ತು ವರ್ಷದಿಂದ ಅವಳ ಗಂಜಿಯನ್ನೇ ಬಳಸಿದವನು ಗಡಿಗೆಯೊಳಗೆ ಇಣುಕಿ ನೋಡಲೂ ಇಲ್ಲ.

ನವೆಂಬರಿನಲ್ಲಿ ಚರ್ಚಿನ ಸುಗ್ಗಿಹಬ್ಬದ ದಿನ ಆರ್ಗನ್ನಿಗೆ ಪ್ರತಿಷ್ಠೆ. ಹುಬ್ಬಳ್ಳಿಯಿಂದ ಹಿರಿಯ ಪಾದ್ರಿ ಅಯ್ಯನವರು ಬಂದಿದ್ದರು. ಜೋಳದ ದಂಟು, ಕುಂಬಳಕಾಯಿಗಳ ನಡುವೆ ಆರ್ಗನ್ ಎಣ್ಣೆ ಹಚ್ಚಿಸಿಕೊಂಡು ಮಿರಿಮಿರಿ ಮಿಂಚುತ್ತಿತ್ತು. ಹಿಂದೆ ನಿಂತು ತಿದಿ ಒತ್ತುವವನು ಹುಲ್ಲಪ್ಪನೇ. ರಂಗವ್ವ ತಾನೇ ನೇಯ್ದ ಸೀರೆಯುಟ್ಟು ಮೊದಲ ಬೆಂಚಿನಲ್ಲಿ ಕೂತಿದ್ದಳು. ಮೊದಲ ಚರಣ ನುಡಿಸಿದಾಗ ನನ್ನ ಮೈ ಜುಮ್ಮೆಂದಿತು. ಅಯ್ಯನವರು ಕಣ್ಣು ಮುಚ್ಚಿ ತಲೆದೂಗಿದರು.

ಎರಡನೆಯ ಚರಣದ ನಡುವೆ ಒಳಗೆಲ್ಲೋ ಪರ್ ಎಂದಿತು. ಸ್ವರಗಳು ಒಂದೊಂದಾಗಿ ಕುಗ್ಗಿ ನಿಂತುಹೋದವು. ಹುಲ್ಲಪ್ಪ ಬೆವರು ಸುರಿಸುತ್ತ ಒತ್ತಿಯೇ ಒತ್ತಿದ. ಬರೀ ಗಾಳಿ ಬುಸುಗುಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆರಾಧನೆ ಮುಗಿದ ಮೇಲೆ ಹಿಂಬದಿಯ ಹಲಗೆ ತೆಗೆದೆವು. ಗಂಜಿ ಹಚ್ಚಿದ ಕಡೆಯೆಲ್ಲ ತೊಗಲನ್ನು ಇಲಿಗಳು ಕೆರೆದು ತೆಳ್ಳಗೆ ಮಾಡಿದ್ದವು. ರಂಗವ್ವ ಬಂದು ಬಗ್ಗಿ ನೋಡಿದಳು.

"ಇಲಿ ಹೆಂಗ ಬಾಯಿ ಹಾಕಿದ್ವು? ದೇವರ ಸಾಮಾನಂತ ತಲಿಮ್ಯಾಲೆ ನೀರು ಹಾಕ್ಕೊಂಡು, ಒಪ್ಪತ್ತು ಇದ್ದು ಕುದಿಸಿದ್ದೆ. ವಿಷಾ ಬ್ಯಾಡಂತ ಮೈಲುತುತ್ತ ಸೈತ ಹಾಕಿರಲಿಲ್ಲ."

ಹುಲ್ಲಪ್ಪ ನನ್ನ ಮುಖ ನೋಡಿದ. ಆಮೇಲೆ ಹಲಗೆಯನ್ನು ಮತ್ತೆ ಮುಚ್ಚಿದ.

ಕಮಿಟಿಯವರು ಕ್ರಿಸ್ಮಸ್ಸಿನವರೆಗೆ ಅವಕಾಶ ಕೊಟ್ಟರು. ಅಷ್ಟರೊಳಗೆ ನುಡಿಯದಿದ್ದರೆ ಕರೆಂಟಿನ ಕೀಬೋರ್ಡು ತರುತ್ತಾರೆ, ಆರ್ಗನ್ ತೆಗೆದುಹಾಕುತ್ತಾರೆ. ನನಗೆ ತಡೆಯಲಾಗಲಿಲ್ಲ.

"ಮೈಲುತುತ್ತ ಹಾಕಬೇಕಿತ್ತಂತ ಆಕಿಗೆ ಹೇಳಿಬಿಡು ಹುಲ್ಲಪ್ಪ," ಎಂದೆ.

"ಮೂರು ವರ್ಷ ನನ್ನ ಹುಚ್ಚಿಗೆ ಕೂಳು ಹಾಕ್ಯಾಳ್ರಿ. ನೀ ಕೊಟ್ಟದ್ದ ಕೆಡಿಸ್ತು ಅಂತ ಯಾವ ಬಾಯಿಲೆ ಹೇಳ್ಲಿ?"

"ಪೇಟ್ಯಾಗಿನ ಅಂಟರೆ ಹಚ್ಚು."

"ಆಕಿ ಗಂಜಿ ಬಿಟ್ಟು ಅದನ್ನ್ಯಾಕ ಹಚ್ಚಿದಿ ಅಂತ ಕೇಳಂಗಿಲ್ಲೇನ್ರಿ?"

ಡಿಸೆಂಬರ್ ಮೊದಲ ವಾರ ಹೊಸ ತೊಗಲು ಕತ್ತರಿಸಿ ಸಿದ್ಧವಾಯಿತು. ನಾನು ಮೈಲುತುತ್ತದ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡು ಹೋದೆ. ಅವಳ ಕಣ್ಣು ತಪ್ಪಿಸಿ ಬೆರೆಸಿಬಿಡುವುದೆಂದು ಗಟ್ಟಿಮಾಡಿದ್ದೆ. ರಂಗವ್ವ ಒದ್ದೆ ಕೂದಲಲ್ಲೇ ಗಡಿಗೆ ಹೊತ್ತು ಚರ್ಚಿಗೆ ಬಂದಳು. ಒಳಗೆ ಗಂಜಿ ಹಾಲಿನಷ್ಟು ಬೆಳ್ಳಗಿತ್ತು, ನೀಲಿಯ ಸುಳಿವೇ ಇರಲಿಲ್ಲ.

"ಈ ಸಲ ಎರಡು ದಿನ ಉಪಾಸ ಇದ್ದು ಮಾಡೇನಿ," ಎಂದು ಅವಳು ಗಡಿಗೆಯ ಪಕ್ಕದಲ್ಲೇ ಕೂತಳು. "ಹಚ್ರಿ, ನಾ ನೋಡ್ತೇನಿ."

ನನ್ನ ಕೈ ಜೇಬಿನಲ್ಲೇ ಉಳಿಯಿತು. ಹುಲ್ಲಪ್ಪ ಗಡಿಗೆಯೊಳಗೆ ಇಣುಕಿ ನೋಡಿದ, ಆಮೇಲೆ ಅವಳ ಮುಖ ನೋಡಿದ.

"ಛಲೋ ಆಗೇದ," ಎಂದು ಕುಂಚ ಅದ್ದಿದ.