ಇಪ್ಪತ್ತೆರಡು ವರ್ಷ ದುಡಿದ ನಾಲಿಗೆ

ನನ್ನದು ಒಬ್ಬಳೇ ನಡೆಸುವ ಜೆರಾಕ್ಸ್ ಅಂಗಡಿ. ಪುರಭವನದ ಎದುರಿಗೇ ಇರುವುದರಿಂದ ಊರಿನ ಜಗಳಗಳೆಲ್ಲ ಮೊದಲು ನನ್ನ ಮಷಿನ್ನಿನ ಹೊಟ್ಟೆಗೆ ಹೋಗಿ ಆಮೇಲೆ ಬೀದಿಗೆ ಬರುತ್ತವೆ. ಆ ಬೇಸಿಗೆಯಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಒಂದು ಗುಂಪು ನಿಂತಿರುತ್ತಿತ್ತು. ‘ಈ ಪಾನೀಯದ ಬಣ್ಣ ವಿಷ, ಮಕ್ಕಳಿಗೆ ಕುಡಿಸಬೇಡಿ’ ಅನ್ನುವ ಕಾಗದ, ಮುನ್ನೂರು ಪ್ರತಿ. ಮಧ್ಯಾಹ್ನ ಪಾನೀಯ ಕಂಪನಿಯ, ಟೈ ಕಟ್ಟಿದ ಆಫೀಸರು ಬರುತ್ತಿದ್ದ. ‘ಈ ಬಣ್ಣ ಸಂಪೂರ್ಣ ಸುರಕ್ಷಿತ’, ಐನೂರು ಪ್ರತಿ. ಎರಡೂ ಅದೇ ಕಾಗದದ ಮೇಲೆ ಅಷ್ಟೇ ಬಿಸಿಬಿಸಿಯಾಗಿ ಹೊರಗೆ ಬರುತ್ತಿದ್ದವು. ಮನೆಗೆ ಹೋಗಿ ಟಿವಿ ಹಾಕಿದರೆ ಅಲ್ಲೂ ಅದೇ ರಾಗ. ಒಬ್ಬ ಡಾಕ್ಟರು ಹೌದು ಅಂದರೆ ಇನ್ನೊಬ್ಬರು ಅಲ್ಲ ಅನ್ನುವುದು, ನಡುವೆ ಕೂತವನು ಇಬ್ಬರಿಗೂ ಬಾಯಿ ತೆರೆಯಲು ಬಿಡದೆ ಕಿರುಚುವುದು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು.

ಬೇರೆಯವರ ಮನೆಯಲ್ಲಾದರೆ ಟಿವಿ ಆರಿಸಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಹಾಗಲ್ಲ. ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಆ ಕಿತ್ತಳೆ ಬಣ್ಣದ ಪಾನೀಯ ತಯಾರಿಸುವ ಫ್ಯಾಕ್ಟರಿಯಲ್ಲೇ ಇಪ್ಪತ್ತೆರಡು ವರ್ಷದಿಂದ ರುಚಿ ನೋಡುವ ಕೆಲಸದಲ್ಲಿದ್ದರು.

ಹೌದು, ರುಚಿ ನೋಡುವುದೂ ಒಂದು ಕೆಲಸವೇ. ಬಿಳಿ ಟೈಲ್ಸಿನ ಪುಟ್ಟ ಕೋಣೆ, ಒಂದು ಸ್ಟೀಲ್ ಸಿಂಕು, ಒಂದು ಜಗ್ ಬೆಚ್ಚಗಿನ ನೀರು, ನಾಲ್ಕು ತುಂಡು ಒಣ ಬ್ರೆಡ್ಡು. ಸೆಂಟು ಹಾಕಿಕೊಳ್ಳುವಂತಿಲ್ಲ, ಈರುಳ್ಳಿ ತಿಂದು ಬರುವಂತಿಲ್ಲ, ನೆಗಡಿಯಾದರೆ ಮನೆಗೆ ವಾಪಸ್ಸು. ಒಂದೊಂದು ಟ್ಯಾಂಕು ತಯಾರಾದಾಗಲೂ ಮೊದಲ ಗ್ಲಾಸು ಅತ್ತಿಗೆಯ ಮುಂದೆ ಬರಬೇಕು. ಒಂದು ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಹೊರಳಿಸಿ, ಕಣ್ಣು ಮುಚ್ಚಿ ಹತ್ತು ಎಣಿಸಿ, ಸಿಂಕಿಗೆ ಉಗುಳುವುದು. “ಹುಳಿ ಒಂಚೂರು ಮುಂದಿದೆ” ಅಂತ ಅತ್ತಿಗೆ ಅಂದರೆ ಇಡೀ ಟ್ಯಾಂಕು ಅಲ್ಲೇ ನಿಲ್ಲುತ್ತಿತ್ತು. ದಿನಕ್ಕೆ ಹೀಗೆ ನಲವತ್ತು ಗ್ಲಾಸು. ನುಂಗುವಂತಿಲ್ಲ. ನುಂಗಿದರೆ ಹೊಟ್ಟೆ ಉಬ್ಬಿ ಹತ್ತನೇ ಗ್ಲಾಸಿಗೇ ನಾಲಿಗೆ ಕೈಕೊಡುತ್ತದೆ. ಈ ಗುಟ್ಟು ಆ ಕೋಣೆಯವರಿಗೆ ಮಾತ್ರ ಗೊತ್ತು.

ಸಂಜೆಯ ಹೊತ್ತಿಗೆ ಆ ನಾಲಿಗೆಗೆ ಜೀವವೇ ಇರುತ್ತಿರಲಿಲ್ಲ. ಮನೆಯ ಅಡುಗೆಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅತ್ತಿಗೆಗೆ ತಿಳಿಯುತ್ತಿರಲಿಲ್ಲ, ನಾನೇ ನೋಡಿ ಹಾಕುತ್ತಿದ್ದೆ. ಫ್ಯಾಕ್ಟರಿಯ ಕೆಲಸದವರಿಗೆಲ್ಲ ದಿನಕ್ಕೆ ಎರಡು ಬಾಟಲಿ ಪುಕ್ಕಟೆ. ಅತ್ತಿಗೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗೇ ಮನೆಗೆ ತರುತ್ತಿದ್ದರು. ಅಣ್ಣ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾ ಕೂತಿರುತ್ತಿದ್ದ. ಗೇಟಿನ ಸದ್ದಾದರೆ ಸಾಕು, ಸ್ಕ್ರೂಡ್ರೈವರ್ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಿದ್ದ. ಅತ್ತಿಗೆ ಚಪ್ಪಲಿ ಬಿಡುವ ಮುಂಚೆಯೇ ಲೋಟಕ್ಕೆ ಬಗ್ಗಿಸಿ ಕೊಟ್ಟು, “ಹೇಗಿದೆ ಇವತ್ತು?” ಅಂತ ಕೇಳುತ್ತಿದ್ದರು. “ನಿನ್ನೆಗಿಂತ ಒಂದು ಕೂದಲೆಳೆ ಸಿಹಿ” ಅಂತ ಅಣ್ಣ ಗಂಭೀರವಾಗಿ ಹೇಳುತ್ತಿದ್ದ. “ಶುರುವಾಯ್ತಪ್ಪ ಇವರ ಮೀಟಿಂಗು” ಅಂತ ನಾನು ರೇಗಿಸುತ್ತಿದ್ದೆ. ಅವರಿಗೆ ಮಕ್ಕಳಿಲ್ಲ, ನನಗೆ ಮದುವೆಯಿಲ್ಲ. ಮನೆಯಲ್ಲಿ ದಿನಕ್ಕೊಂದು ಸಲ ಮೂವರೂ ನಗುತ್ತಿದ್ದದ್ದು ಆ ಹೊತ್ತಿನಲ್ಲೇ.

ಆ ಬೇಸಿಗೆಗೆ ಎರಡು ವರ್ಷ ಮೊದಲು ಅಣ್ಣನ ಕಾಲು ಬಾತುಕೊಂಡಿತು. ಚಪ್ಪಲಿ ಬಿಗಿಯಾಗಿರಬೇಕು ಅಂದುಕೊಂಡು ಹೊಸ ಚಪ್ಪಲಿ ತಂದೆವು, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ರಕ್ತ ಶುದ್ಧ ಮಾಡಿಸಬೇಕು, ನೀರು ಅಳತೆ ಮಾಡಿ ಕುಡಿಯಬೇಕು. “ಬಿ.ಪಿ. ಇತ್ತು, ಬೆನ್ನು ನೋವಿಗೆ ಮಾತ್ರೆ ನುಂಗಿದ್ದಾರೆ. ಇದೇ ಕಾರಣ ಅಂತ ಬೆರಳಿಟ್ಟು ತೋರಿಸೋಕಾಗಲ್ಲ” ಅಂದರು ಅಲ್ಲಿನ ಡಾಕ್ಟರು.

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವಳು ತಡೆಯಲಾರದೆ ಅಂದುಬಿಟ್ಟೆ: “ದಿನಾ ಎರಡೆರಡು ಬಾಟ್ಲಿ ತಂದು ಕುಡಿಸಿದ್ದು ನೀವೇ ತಾನೇ ಅತ್ತಿಗೆ?”

ಮಾರನೇ ದಿನದಿಂದ ಬಾಟಲಿ ಬರುವುದು ನಿಂತಿತು. “ಹೇಗಿದೆ ಇವತ್ತು” ಅನ್ನುವುದೂ ನಿಂತಿತು. ಆ ಬೇಸಿಗೆ ಮೂರು ಹೊತ್ತೂ ಟಿವಿಯಲ್ಲಿ ಕೂಗಾಟ ಶುರುವಾದ ಮೇಲೆ ಅತ್ತಿಗೆ ಡ್ಯೂಟಿ ಮುಗಿಸಿ ನೇರ ನನ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ಎರಡೂ ಕಡೆಯವರ ಕಾಗದಗಳನ್ನು ಸಾಲು ಬಿಡದೆ ಓದುತ್ತಿದ್ದರು.

“ಇದರಲ್ಲಿ ಯಾವುದು ನಿಜ?” ಅಂತ ಒಂದು ದಿನ ಕೇಳಿದರು.

“ನನ್ನನ್ನ ಕೇಳಿದ್ರೆ? ನಾನು ಕಾಪಿ ಮಾಡೋಳು” ಅಂದೆ. ಹಾಗೆ ಅನ್ನಬಾರದಿತ್ತು.

ಅದಾದ ಒಂದು ವಾರಕ್ಕೆ ಟೈ ಆಫೀಸರು ಹೊಸ ಕಾಗದ ತಂದ. ನಾನು ಕನ್ನಡಕ ಕೂಡ ಹಾಕಿಕೊಳ್ಳದೆ ಮಷಿನ್ ಚಾಲೂ ಮಾಡಿದೆ. ಕಟ್ಟು ಕಟ್ಟುವಾಗ ನೋಡಿದರೆ ಅತ್ತಿಗೆಯ ಫೋಟೋ! ಕೆಳಗೆ ದಪ್ಪ ಅಕ್ಷರದಲ್ಲಿ: ‘ದಿನಕ್ಕೆ ನಲವತ್ತು ಗ್ಲಾಸು, ಇಪ್ಪತ್ತೆರಡು ವರ್ಷ! ಇವರಿಗೆ ಏನಾದರೂ ಆಗಿದೆಯೇ?’ ಆ ಪುಣ್ಯಾತ್ಮ ಹೆಡ್ ಆಫೀಸಿನವನು. ರುಚಿ ನೋಡುವವರು ಕುಡಿಯುತ್ತಾರೆ ಅಂತಲೇ ಅಂದುಕೊಂಡಿದ್ದಾನೆ. ರುಚಿ ಕೋಣೆಯ ಬಾಗಿಲು ಯಾವ ಕಡೆ ಅಂತಾದರೂ ಅವನಿಗೆ ಗೊತ್ತಿತ್ತೋ ಇಲ್ಲವೋ.

ಸಂಜೆ ಅತ್ತಿಗೆಗೆ ತೋರಿಸಿದೆ. “ನೀವು ಕುಡಿಯಲ್ಲ ಅಂತ ಹೇಳ್ಬೇಕಿತ್ತು ಅತ್ತಿಗೆ.”

“ಹೇಳಿದೆ. ಆ ಆಫೀಸರ ಮುಖ ಬಿಳಿಚಿಕೊಳ್ತು. ಆಮೇಲೆ, ‘ಅದೆಲ್ಲ ಸಣ್ಣ ವಿಷಯ ಮೇಡಂ, ಪುರಭವನದಲ್ಲಿ ನಡೆಯೋ ಸಭೆಯಲ್ಲಿ ಹೆಸರು ಕರೆದಾಗ ಎದ್ದು ನಿಂತು ಒಂದು ನಮಸ್ಕಾರ ಹಾಕಿ ಸಾಕು’ ಅಂದ್ರು.”

“ಹೋಗ್ಬೇಡಿ.”

“ಹೋಗ್ತೀನಿ. ಇಬ್ರು ದೊಡ್ಡ ಡಾಕ್ಟ್ರು ಬರ್ತಾರಂತೆ, ಎರಡೂ ಕಡೆಯಿಂದ. ನಂಗೊಂದು ಕೇಳೋದಿದೆ.”

ಏನು ಕೇಳುತ್ತಾರೆ ಅಂತ ನನಗೆ ಗೊತ್ತಾಯಿತು.

ಸಭೆಯ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಪುರಭವನದಲ್ಲಿ ಕಾಲಿಡಲು ಜಾಗವಿಲ್ಲ. ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದವು. ವೇದಿಕೆಯ ಮೇಲೆ ಕಂಪನಿ ಪರ ಒಬ್ಬರು, ವಿರೋಧಿಗಳ ಪರ ಒಬ್ಬರು ಡಾಕ್ಟರು. ಇಬ್ಬರ ಮುಂದೆಯೂ ಇದ್ದದ್ದು ಬರೀ ನೀರು, ಅದನ್ನು ನಾನು ಗಮನಿಸದೆ ಬಿಡಲಿಲ್ಲ. ಎರಡು ಗಂಟೆ ಹೊತ್ತು ಬಣ್ಣದ ಮಿತಿ, ಮಿಲಿಗ್ರಾಂ, ಇಲಿಗಳ ಮೇಲಿನ ಪರೀಕ್ಷೆ ಅಂತ ಮಾತಾಡಿದರು. ಜನ ಕೈಯಲ್ಲಿದ್ದ ನನ್ನ ಕಾಗದಗಳಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಕೊನೆಗೆ ಟೈ ಆಫೀಸರು ಅತ್ತಿಗೆಯನ್ನು ಕರೆದ. ಅತ್ತಿಗೆ ಎದ್ದು ನಿಂತರು, ನಮಸ್ಕಾರ ಮಾಡಿದರು, ಕೂರಲಿಲ್ಲ.

“ನಾನು ಕುಡಿದಿಲ್ಲ ಸ್ವಾಮಿ. ಇಪ್ಪತ್ತೆರಡು ವರ್ಷ ಉಗುಳಿದೀನಿ.”

ಮೊದಲು ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ವಿರೋಧಿಗಳ ಕಡೆಯಿಂದ ಜೋರು ಚಪ್ಪಾಳೆ.

“ಚಪ್ಪಾಳೆ ಯಾಕೆ ಹೊಡೀತೀರಿ?” ಅತ್ತಿಗೆ ಅವರ ಕಡೆ ತಿರುಗಿದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಭಯಕ್ಕೆ ಉಗುಳಿದ್ದಲ್ಲ, ಆ ಕೆಲಸ ಇರೋದೇ ಹಾಗೆ. ಕುಡಿದದ್ದು ನಮ್ಮ ಯಜಮಾನ್ರು. ತಂದುಕೊಟ್ಟಿದ್ದು ನಾನು. ಈಗ ಅವರ ಎರಡೂ ಕಿಡ್ನಿ ಹೋಗಿದೆ. ಅದರಿಂದಲೇ ಹೋಯ್ತಾ? ನೀವಿಬ್ರೂ ಓದಿದವರು. ಹೌದು ಅನ್ನಿ, ಇಲ್ಲ ಅನ್ನಿ. ಎರಡರಲ್ಲಿ ಯಾವುದಾದ್ರೂ ಒಂದು ಹೇಳಿ, ನಾನು ಮನೆಗೆ ಹೋಗ್ತೀನಿ.”

ಕಂಪನಿಯ ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಒಬ್ಬ ರೋಗಿಯ ವಿಷಯ ಇಟ್ಕೊಂಡು ಹಾಗೆಲ್ಲ ಹೇಳಕ್ಕಾಗಲ್ಲಮ್ಮ.” ಇನ್ನೊಬ್ಬರು ಕನ್ನಡಕ ತೆಗೆದು, “ನಂಗೆ ಅನುಮಾನ ಇದೆ. ಆದ್ರೆ ನಿಮ್ಮ ಯಜಮಾನ್ರಿಗೆ ಇದರಿಂದಲೇ ಆಯ್ತು ಅಂತ ನಾನೂ ಹೇಳಲಾರೆ” ಅಂದರು. ಅವತ್ತು ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು. ಆಮೇಲೆ ಬಾಟಲಿಯ ಲೇಬಲ್ಲಿನ ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನುವ ಚರ್ಚೆ ಶುರುವಾಯಿತು.

ಹೊರಗೆ ಮೆಟ್ಟಿಲ ಮೇಲೆ ಟೈ ಆಫೀಸರು, “ಸ್ವಲ್ಪ ದಿನ ರಜೆ ತಗೊಳ್ಳಿ ಮೇಡಂ” ಅಂದ. ಅದರ ಅರ್ಥ ನಮ್ಮಿಬ್ಬರಿಗೂ ಆಯಿತು. ಅತ್ತಿಗೆ ತಲೆಯಾಡಿಸಿ ನಡೆದರು.

“ಅವತ್ತು ಆಸ್ಪತ್ರೆಲಿ ನೀನು ಕೇಳಿದ್ಯಲ್ಲ” ಅಂದರು ಅರ್ಧ ದಾರಿಯಲ್ಲಿ. “ಅದಕ್ಕೊಂದು ಉತ್ತರ ತಂದ್ಬಿಡೋಣ ಅಂತ ಹೋದೆ. ಸಿಗ್ಲಿಲ್ಲ ನೋಡು.”

ನನ್ನ ನಾಲಿಗೆ ಅವತ್ತೇ ಬಿದ್ದುಹೋಗಬಾರದಿತ್ತೇ! ತಪ್ಪಾಯ್ತು ಅನ್ನಬೇಕಿತ್ತು. ಅವರ ಕೈಯಿಂದ ಚೀಲ ತೆಗೆದುಕೊಂಡೆ, ಅಷ್ಟೇ.

ಮನೆಗೆ ಬಂದರೆ ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದ. ಅವತ್ತಿನ ಪಾಲಿನ ನೀರು ಆಗಲೇ ಮುಗಿಸಿಕೊಂಡು ತುಟಿ ಒಣಗಿಸಿಕೊಂಡು ಕೂತಿದ್ದ.

“ಏನಂದ್ರು?”

“ಗೊತ್ತಿಲ್ಲ ಅಂದ್ರು” ಅಂದರು ಅತ್ತಿಗೆ.

“ಅವರನ್ನ ಕೇಳಕ್ಕೆ ಅಷ್ಟು ದೂರ ಹೋದೆ. ನನ್ನನ್ನ ಒಂದು ಮಾತು ಕೇಳ್ಲಿಲ್ಲ.” ಅಣ್ಣ ಉಸಿರು ಎಳೆದುಕೊಂಡು ನಿಧಾನ ಹೇಳಿದ. “ನಂಗೆ ಅದು ಯಾವತ್ತೂ ಇಷ್ಟ ಇರ್ಲಿಲ್ಲ ಕಣೇ. ಸೋಪು ಕದಡಿದ ಸಕ್ಕರೆ ನೀರು.”

“ಮತ್ಯಾಕೆ ಕುಡಿದ್ಯೋ ಮಾರಾಯ?” ನಾನು ಕಿರುಚಿಬಿಟ್ಟೆ.

“ಸಂಜೆ ಹೊತ್ತಿಗೆ ಇವಳ ನಾಲಿಗೆಗೆ ಏನೂ ಗೊತ್ತಾಗ್ತಿರ್ಲಿಲ್ಲ. ಅಷ್ಟು ಆಸೆಯಿಂದ ಕೇಳ್ತಿದ್ಲು, ಹೇಗಿದೆ ಅಂತ. ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ.”

ಅತ್ತಿಗೆ ನಿಂತಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಲಾರದೆ ಚೀಲದೊಳಗೆ ಏನೋ ಹುಡುಕಿದೆ. ಅವರು ಒಳಗೆ ಹೋಗಿ ಒಂದು ಲೋಟ ನೀರು, ಒಂದು ಬೋಗುಣಿ ತಂದು ಅಣ್ಣನ ಮುಂದೆ ಕೂತರು.

“ನಂದು ಇವತ್ತಿನದು ಮುಗೀತಲ್ಲ” ಅಂದ ಅಣ್ಣ.

“ಒಂದು ಗುಟುಕು ಬಾಯಿಗೆ ಹಾಕ್ಕೊಳ್ಳಿ. ನುಂಗ್ಬೇಡಿ. ನಾಲಿಗೆ ಮೇಲೆ ಹೊರಳಿಸಿ. ಕಣ್ಣು ಮುಚ್ಚಿ.” ಅತ್ತಿಗೆ ಮೆಲ್ಲಗೆ ಹತ್ತರವರೆಗೆ ಎಣಿಸಿದರು. ನಾನೂ ಮನಸ್ಸಿನಲ್ಲೇ ಎಣಿಸಿದೆ. “ಈಗ ಉಗುಳಿ.”

ಅಣ್ಣ ಬೋಗುಣಿಗೆ ಉಗುಳಿದ. ಅತ್ತಿಗೆ ಸೆರಗಿನಿಂದ ಅವನ ಗಲ್ಲ ಒರೆಸಿದರು.

“ಹೇಗಿದೆ ಇವತ್ತು?”

“ತಣ್ಣಗಿದೆ” ಅಂದ ಅಣ್ಣ. “ಇನ್ನೊಂದು ಗುಟುಕು ಕೊಡು.”