ಟವೆಲ್ಲಿನ ಕೆಳಗಿನ ಬೆಲೆ

ಅರಸೀಕೆರೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ನಾನು ಸಂಜೆ ಐದೂವರೆಗೆ ಎದ್ದರೆ ನೇರ ಮನೆಗೆ ಹೋಗುತ್ತಿರಲಿಲ್ಲ, ಸೈಬರ್ ಕೆಫೆಗೆ ಹೋಗುತ್ತಿದ್ದೆ. ಅಲ್ಲಿ ಆರು ಕಂಪ್ಯೂಟರು, ಒಂದೇ ಫೋನ್ ಲೈನು. ನಾನು ಆಡುತ್ತಿದ್ದ ಆನ್‌ಲೈನ್ ಆಟವನ್ನು ಯಾವ್ಯಾವುದೋ ದೇಶದ ಏಳೆಂಟು ಮಂದಿ ಸಂಬಳವಿಲ್ಲದೆ, ತಮ್ಮ ಬಿಡುವಿನಲ್ಲಿ ಕಟ್ಟಿದ್ದರು. ಉಳುವುದು, ದನ ಸಾಕುವುದು, ಸಂತೆಯಲ್ಲಿ ಮಾರುವುದು, ಇಷ್ಟೇ ಆಟ. ಕಚೇರಿಯಲ್ಲಿ ನನ್ನ ಅಭಿಪ್ರಾಯವನ್ನು ನಾಯಿಯೂ ಕೇಳುತ್ತಿರಲಿಲ್ಲ. ಆಟದಲ್ಲಿ ಎರಡು ವರ್ಷ ಒದ್ದಾಡಿ ತುಂಬಿದ ಕೊಟ್ಟಿಗೆ ಮಾಡಿದ್ದೆ, ಹೊಸಬರು ಬಂದು ಬುದ್ಧಿ ಕೇಳುತ್ತಿದ್ದರು. ಆ ಮರ್ಯಾದೆ ನನಗೆ ಬೇಕಾಗಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಟದ ಸಂತೆಯಲ್ಲಿ ಒಂದು ಕೇಡಿತ್ತು. ಯಾರು ಎಷ್ಟು ಬೆಲೆ ಹೇಳಿದರೂ ಎಲ್ಲರಿಗೂ ಕಾಣುತ್ತಿತ್ತು. ದುಡ್ಡಿನ ಕುಳಗಳು ಅದರ ಮೇಲೊಂದು ಕಾಸು ಏರಿಸಿ ದನ ಹೊಡೆದುಕೊಂಡು ಹೋಗುವರು. ಬಾಣಾವರದ ನನ್ನ ಸೋದರಮಾವ ದನ ಕೊಳ್ಳುವಾಗ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಿದ್ದುದನ್ನು ನಾನು ಕಂಡಿದ್ದೆ. ಎಷ್ಟಕ್ಕೆ ಕುದುರಿತು ಎನ್ನುವುದು ಇಬ್ಬರಿಗೇ ಗೊತ್ತು, ಸುತ್ತ ನಿಂತವರು ಬಾಯಿ ಬಿಟ್ಟುಕೊಂಡು ನೋಡಬೇಕು. ಅದನ್ನೇ ಆಟಕ್ಕೂ ತನ್ನಿ ಎಂದು ಆಟ ಕಟ್ಟಿದವರ ಫೋರಂನಲ್ಲಿ ಬರೆದೆ. ನನಗೆ ಬರುತ್ತಿದ್ದುದು ಕಚೇರಿಯ ಅರ್ಜಿಯ ಇಂಗ್ಲಿಷ್. ತಿಂಗಳು ಕಳೆದರೂ ಉತ್ತರವಿಲ್ಲ.

ಆಗ ನನ್ನ ಕಚೇರಿ ಬುದ್ಧಿ ಎದ್ದು ಕೂತಿತು. ಒಬ್ಬನೇ ಕೊಟ್ಟ ಅರ್ಜಿ ಕಡತದ ತಳ ಸೇರುತ್ತದೆ, ಹತ್ತು ಜನ ಸಹಿ ಹಾಕಿದ್ದು ಸಾಹೇಬರ ಮೇಜಿಗೆ ಹೋಗುತ್ತದೆ. ದಿನಾ ಕಣ್ಣಾರೆ ಕಂಡ ಸತ್ಯ. ಕೆಫೆಯಲ್ಲಿ ಅದೇ ಆಟ ಆಡುವ ಒಂಬತ್ತು ಜನ ಗೆಳೆಯರಿದ್ದರು. ನಾನೇ ಒಕ್ಕಣೆ ಬರೆದುಕೊಟ್ಟೆ, ಒಂದಕ್ಷರ ಬದಲಿಸದೆ ತಮ್ಮ ತಮ್ಮ ಹೆಸರಿನಲ್ಲಿ ಹಾಕಿ ಎಂದೆ. ಕೊಬ್ಬರಿ ಮಂಡಿಯಲ್ಲಿದ್ದ ಗೆಳೆಯನೊಬ್ಬನಿಗೆ ಮಾತ್ರ ಅನುಮಾನ.

"ಏನ್ಲಾ, ಎಲ್ರೂ ಒಂದೇ ಥರ ಬರುದ್ರೆ ಆಯ್ತದಾ?"

"ಅರ್ಜಿ ಅಂದ್ರೆ ಹಂಗೇ ಕಣ್ಲಾ. ನೀನ್ ಹಾಕು, ನಾನಿದೀನಿ," ಎಂದೆ.

ಮೂರನೆಯ ದಿನ ನಮ್ಮ ಹತ್ತೂ ಖಾತೆಗಳು ಮುಚ್ಚಿದ್ದವು. ಹತ್ತು ಕಾಗದ ಒಂದೇ ಫೋನ್ ಲೈನಿನಿಂದ, ಒಂದೇ ಒಕ್ಕಣೆಯಲ್ಲಿ ಬಂದಿವೆ, ಇದು ಒಬ್ಬನೇ ಹತ್ತು ವೇಷ ಹಾಕಿ ಮಾಡಿದ ಮೋಸ ಎಂದು ತೀರ್ಪು. ನಾವು ಹತ್ತು ಮನೆಯ ಅನ್ನ ತಿನ್ನುವ ಹತ್ತು ಜನ ಸ್ವಾಮಿ ಎಂದು ಅವರಿಗೆ ಇ-ಮೇಲ್ ಹಾಕಿ ಬೇಡಿಕೊಂಡೆ. ಇಂಥ ನೆಪ ಬಹಳ ಕೇಳಿದ್ದೇವೆ ಎಂದು ಒಂದು ಸಾಲು ಬಂತು. ಸಂಬಳವಿಲ್ಲದೆ ದುಡಿಯುವವರಿಗೆ ಮೇಲಧಿಕಾರಿಯೂ ಇರುವುದಿಲ್ಲ, ಮೇಲ್ಮನವಿ ಯಾರಿಗೆ ಕೊಡುವುದು?

ಮಂಡಿಯ ಗೆಳೆಯ ಬೈಯಲಿಲ್ಲ. "ನಿನ್ ಮಾತ್ ಕೇಳಿ ಹಾಕ್ದೆ, ಬುಡು," ಎಂದ. ಆಮೇಲೆ ಕೆಫೆಗೆ ಬರುವುದನ್ನೇ ಬಿಟ್ಟ. ಎರಡು ಬೈದಿದ್ದರೆ ಚೆನ್ನಾಗಿತ್ತು.

ಕೆಲವು ತಿಂಗಳ ಮೇಲೆ ಚುನಾವಣೆ ಕೆಲಸಕ್ಕೆಂದು ನನ್ನನ್ನು ಬೇಲೂರಿಗೆ ಹಾಕಿದರು. ಅಲ್ಲಿನ ಕೆಫೆಯಲ್ಲಿ ಕೂತು, ಹೊಸ ಹೆಸರಿಟ್ಟುಕೊಂಡು ಆಟದೊಳಗೆ ಹೋದೆ. ಸಂತೆಗೆ ಟವೆಲ್ ಬಂದಿತ್ತು! ಒಂದು ಕ್ಷಣ ಹಿಗ್ಗಿದೆ, ಸುಳ್ಳು ಹೇಳಲಾರೆ. ಸಲಹೆ ಕೊಟ್ಟವರ ಪಟ್ಟಿ ನೋಡಿದೆ. ನನ್ನದನ್ನೇ ಒಳ್ಳೆಯ ಇಂಗ್ಲಿಷಿನಲ್ಲಿ ಮತ್ತೆ ಬರೆದಿದ್ದ ಬೇರೊಬ್ಬ ಆಟಗಾರನ ಹೆಸರಿತ್ತು.

ಅಷ್ಟರಲ್ಲಿ ಹಳೆಯ ಆಟಗಾರನೊಬ್ಬ ಹತ್ತಿರ ಬಂದು, ಹೊಸಬನೇ, ವ್ಯಾಪಾರ ಹೇಳಿಕೊಡಲೇ ಎಂದು ಕೇಳಿದ. ಈ ಪದ್ಧತಿ ಎಲ್ಲಿಂದ ಬಂತು ಎಂದು ಟೈಪ್ ಮಾಡಿದೆ. ಮೊದಲು ಯಾವನೋ ಮೋಸಗಾರ ಹತ್ತು ಹೆಸರಿನಲ್ಲಿ ಕೇಳಿದ್ದನಂತೆ, ಸದ್ಯ ಅವನನ್ನು ಓಡಿಸಿದರು ಎಂದ. ಹೌದೇ ಎಂದೆ. ಬೇರೇನು ಹೇಳಿದರೂ ಈ ಹೆಸರೂ ಹೋಗುತ್ತಿತ್ತು. ಅವನು ಹೇಳಿಕೊಟ್ಟ ಹಾಗೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಒಂದು ಕರು ಕೊಂಡೆ. ಹೊಸಬನಾದರೂ ಬೇಗ ಕಲಿತೆ ಎಂದು ಮೆಚ್ಚಿಕೊಂಡ.