ಎರಡು ಸಲ ಬರುತ್ತಿದ್ದ ಸಾಲು

ಮಲೇಶಿಯಾದ ನಿಲಾಯ್ ಊರಿನ ಈ ಫ್ಲಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ನನ್ನ ಹೆಂಡತಿ ಇಪ್ಪತ್ತು ವರ್ಷ ಒಂದೇ ಹಾಡನ್ನು ಗುನುಗಿದಳು. ಇಂಗ್ಲಿಷ್ ಹಾಡು. ಪದಗಳು ಅವಳಿಗೂ ಬರುತ್ತಿರಲಿಲ್ಲ, ಬರೀ ರಾಗ, ಅದೂ ಜೋಗುಳಕ್ಕಿಂತ ನಿಧಾನ. ನಡುವಿನ ಒಂದು ಸಾಲನ್ನು ಮಾತ್ರ ತಪ್ಪದೆ ಎರಡು ಸಲ ಗುನುಗುತ್ತಿದ್ದಳು. ಮೆಡಿಕಲ್ ಕಾಲೇಜಿನಲ್ಲಿ ಇಡೀ ದಿನ ಅನಾಟಮಿ ಪಾಠ ಹೇಳಿ ಬಂದ ನನಗೆ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ನಿಂಗೆ ಬೇರೆ ಹಾಡೇ ಇಲ್ವಾ?"

"ದುಃಖದ ಪದ್ಯ ಮಾರಾಯ್ರೆ ಇದು. ಹೆಂಡ್ತಿಯನ್ನು ಬಿಟ್ಟು ಹಡಗು ಹತ್ತಿದವನದ್ದು."

ಹಡಗು ಅವಳೇ ಸೇರಿಸಿಕೊಂಡದ್ದು. ಹಡಗಿನಲ್ಲಿ ಕೆಲಸಕ್ಕಿದ್ದ ಅವಳ ಸೋದರಮಾವ ಒಂದು ಪ್ಲೇಯರನ್ನೂ ಈ ಹಾಡಿನ ಚಿಕ್ಕ ರೆಕಾರ್ಡನ್ನೂ ಪೆನಾಂಗ್ ಬಂದರಿನಲ್ಲಿ ಕೊಂಡು ಕುಂದಾಪುರದ ಮನೆಗೆ ತಂದಿದ್ದರಂತೆ. ಇದ್ದದ್ದು ಅದೊಂದೇ ರೆಕಾರ್ಡು.

ಹೋದ ವರ್ಷ ಅವಳು ತೀರಿಕೊಂಡಳು. ಬಾಲ್ಕನಿಗೆ ಈಗ ವಿಮಾನಗಳ ಸದ್ದು ಮಾತ್ರ ಬರುತ್ತದೆ. ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ತಂದ ಊಟವನ್ನು ಪೊಟ್ಟಣದಿಂದಲೇ ತಿನ್ನುತ್ತೇನೆ. ತಿಂದು ಕೈತೊಳೆಯುವಾಗ ಆ ರಾಗ ತಾನಾಗಿ ಬಾಯಿಗೆ ಬರುತ್ತಿತ್ತು. ಬಂದಾಗ ಮನೆ ಅಷ್ಟು ಖಾಲಿ ಅನಿಸುತ್ತಿರಲಿಲ್ಲ.

ಒಂದು ಭಾನುವಾರ ಸುಬಾಂಗ್ ಜಯಾದಿಂದ ಬಂದಿದ್ದ ಮಗಳು ಅದನ್ನು ಕೇಳಿಸಿಕೊಂಡಳು. ಫೋನಿನಲ್ಲಿ ಹೇಗೋ ಹುಡುಕಿ ತೆಗೆದಳು. "ಅಪ್ಪಾ, ಇಟ್ಸ್ ಎ ಹ್ಯಾಪಿ ಸಾಂಗ್ ಲಾ! ಡ್ಯಾನ್ಸ್ ಸಾಂಗ್!"

ಡ್ರಮ್ಮು, ಗಿಟಾರು, ಯಾರೋ ಬೆನ್ನಟ್ಟಿದ ಹಾಗೆ ಹಾಡುವ ಒಬ್ಬ ಹುಡುಗ. ಮೊದಮೊದಲ ರಾಕ್ ಅಂಡ್ ರೋಲ್ ಹಾಡುಗಳಲ್ಲಿ ಇದೂ ಒಂದಂತೆ. ಪಾಪ, ಅವಳು ಖುಷಿಪಡಿಸಲೆಂದೇ ಹಾಕಿದ್ದು. ನಾನು ಆಫ್ ಮಾಡು ಎಂದು ಗದರಿದೆ.

ಗದರಿದರೇನು, ಆಗಬೇಕಾದ್ದು ಆಗಿಹೋಗಿತ್ತು. ಮರುದಿನ ಬಾಯಿ ತೆರೆದರೆ ಬಂದದ್ದು ಆ ಓಡುವ ರಾಗ. ನಿಧಾನದ್ದನ್ನು ಎಷ್ಟು ಕರೆದರೂ ಬರಲಿಲ್ಲ. ಇಪ್ಪತ್ತು ವರ್ಷ ಬೈದ ಹಾಡಿಗಾಗಿ ಪೊಟ್ಟಣದ ಮುಂದೆ ಕೂತು ಅತ್ತೆ.

ಕುಂದಾಪುರಕ್ಕೆ, ಅವಳ ಅಣ್ಣನಿಗೆ ಫೋನ್ ಮಾಡಿ, ಆ ಹಾಡು ಅವಳ ಬಾಯಲ್ಲಿ ಅಷ್ಟು ನಿಧಾನವಾದದ್ದು ಹೇಗೆ ಎಂದು ಕೇಳಿದೆ. ಅವರು ನಕ್ಕರು. "ಆ ಪ್ಲೇಯರಿನ ಸ್ಪೀಡು ನಿಮಿಷಕ್ಕೆ ಮೂವತ್ಮೂರು ಸುತ್ತಿಗೇ ಕಚ್ಚಿಕೊಂಡಿತ್ತು ಭಾವ. ಸಣ್ಣ ರೆಕಾರ್ಡು ನಲವತ್ತೈದರಲ್ಲಿ ತಿರುಗಬೇಕು ಅಂತ ನಮಗೇನು ಗೊತ್ತು? ಆ ಜನ ಹಾಡುವುದೇ ಹಾಗೆ ಅಂತ ಎಣಿಸಿದ್ದೆವು." ಪ್ಲೇಯರು, ರೆಕಾರ್ಡು ಎರಡೂ ಎಂದೋ ಗುಜರಿಗೆ ಹೋಗಿದ್ದವು.

ಹಾಗಾಗಿ ಸುಬಾಂಗ್ ಜಯಾದ ಹಳೆ ರೆಕಾರ್ಡುಗಳ ಅಂಗಡಿಗೆ ಹೋದೆ. ಅಂಗಡಿಯ ಚೀನೀ ಮುದುಕನ ಬಳಿ ಆ ರೆಕಾರ್ಡು ಇತ್ತು. ಕೇಳದಿದ್ದರೂ ಅದರ ಚರಿತ್ರೆ ಹೇಳಿದ. ಈ ಹಾಡನ್ನು ರೆಕಾರ್ಡಿನ ಹಿಂಬದಿಗೆ ಹಾಕಿದ್ದರಂತೆ. ಮುಂಬದಿಯದ್ದನ್ನು ಕೇಳುವವರೇ ಇರಲಿಲ್ಲ. ರೇಡಿಯೋದವನೊಬ್ಬ ಬೇಸರಕ್ಕೆ ತಿರುವಿ ಹಾಕಿದ, ಹುಡುಗರು ಕುಣಿದರು, ಹಾಡು ಊರೂರಿನ ಬಂದರು ಮುಟ್ಟಿತು. ಎಲ್ಲ ಕೇಳಿ, ಮೂವತ್ಮೂರರಲ್ಲಿ ಹಾಕಿ ಎಂದೆ.

"ಸಾಂಗ್ ಸ್ಪಾಯಿಲ್ ಆಗುತ್ತೆ" ಎಂಬರ್ಥದಲ್ಲಿ ಇಂಗ್ಲಿಷಿನಲ್ಲೇ ಗೊಣಗಿದ. ನಾನು ಪ್ಲೀಸ್ ಎಂದೆ. ಹಾಕಿದ.

ಹುಡುಗನ ದನಿ ದಪ್ಪಗಾಗಿ ಎಳೆದುಕೊಂಡು ಬಂತು. ಅದೇ ರಾಗ, ಅವಳದ್ದೇ, ಒಂದು ಎಳೆಯೂ ಆಚೀಚೆ ಇಲ್ಲ. ನನಗೆ ನಿಂತಲ್ಲೇ ಕಣ್ಣು ತುಂಬಿತು. ಆ ಸಾಲು ಬಂತು. ಎರಡನೆಯ ಸಲಕ್ಕೆ ಕಾದೆ. ಬರಲಿಲ್ಲ. ಆಗ ಹೊಳೆಯಿತು: ಆ ಎರಡನೆಯ ಸಲ ಹಾಡಿನಲ್ಲಿ ಇದ್ದದ್ದೇ ಅಲ್ಲ. ಕುಂದಾಪುರದ ರೆಕಾರ್ಡಿನ ಮೇಲೆ ಆ ಜಾಗದಲ್ಲಿ ಒಂದು ಗೀರು ಇದ್ದಿರಬೇಕು, ಮುಳ್ಳು ಅಲ್ಲಿ ಹಿಂದಕ್ಕೆ ಹಾರುತ್ತಿದ್ದಿರಬೇಕು. ಆ ಗೀರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಡು ನಿಲ್ಲದೆ ಮುಂದೆ ಹೋಯಿತು. ಆ ಸಾಲನ್ನು ಎರಡನೆಯ ಸಲ ನಾನೊಬ್ಬನೇ ಗುನುಗಿದೆ.